ಮಂಡಿ ಆಪರೇಷನ್‌ಗೆ ಮುಂಚೆ ಯಾವ ಮದ್ದು ಬಿಡಬೇಕು, ಯಾವುದನ್ನು ಬಿಡಬಾರದು

(ದಾವಣಗೆರೆಯಲ್ಲಿ ಸಂಧಿವಾತದ ರೋಗಿಗಳು ಮತ್ತು ಅವರ ಮನೆಯವರಿಗಾಗಿ ನಡೆದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತವರು ದಯವಿಟ್ಟು ಹಾಗೆಯೇ ಕುಳಿತಿರಿ. ಬೇರೆ ಸಭೆಗಳಲ್ಲಿ ಅದು ಅಗೌರವ ಇರಬಹುದು, ಇಲ್ಲಿ ಅಲ್ಲ.

ನಾನು ವೈದ್ಯೆಯಲ್ಲ. ಈ ಊರಿನಲ್ಲಿ ಬಹುಕಾಲ ಔಷಧಿ ಅಂಗಡಿ ನಡೆಸಿದವಳು, ರುಮಟಾಯ್ಡ್ ಸಂಧಿವಾತದ ಹಳೆಯ ರೋಗಿ, ಒಂದು ಮೊಣಕಾಲನ್ನು ಬದಲಾಯಿಸಿಕೊಂಡವಳು. ಚೀಟಿ ಹಿಡಿದು ಬಂದವರನ್ನೂ ನೋಡಿದ್ದೇನೆ, ಚೀಟಿ ಹಿಡಿದು ನಾನೂ ನಿಂತಿದ್ದೇನೆ. ನಾನು ಹೇಳುವುದನ್ನು ಕೇಳಿ ಯಾರೂ ಮನೆಗೆ ಹೋಗಿ ತಾವಾಗಿಯೇ ಮಾತ್ರೆ ಬಿಡುವುದಾಗಲಿ, ಶುರು ಮಾಡುವುದಾಗಲಿ ಬೇಡ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು ಎಂಬುದು ತಿಳಿದರೆ ನನ್ನ ಕೆಲಸ ಆಯಿತು.

ನನಗೆ ಜಗಳ ಇರುವುದು ಒಂದೇ ಬಗೆಯ ಚೀಟಿಯ ಮೇಲೆ. "ಆಪರೇಷನ್‌ಗೆ 15 ದಿನ ಮುಂಚೆ ವಾತದ ಮಾತ್ರೆಗಳನ್ನೆಲ್ಲ ನಿಲ್ಲಿಸಿ." ಅಷ್ಟೇ. ಯಾವ ಮಾತ್ರೆ ಎಂದಿಲ್ಲ, ಮತ್ತೆ ಯಾವಾಗ ಶುರು ಮಾಡಬೇಕು ಎಂದೂ ಇಲ್ಲ. ನಿಲ್ಲಿಸುವುದಕ್ಕೆ ತಾರೀಖು ಕೊಟ್ಟವರು ಶುರು ಮಾಡುವುದಕ್ಕೆ ಕೊಡುವುದಿಲ್ಲ. ಆಪರೇಷನ್ ಚೆನ್ನಾಗಿಯೇ ಆಗುತ್ತದೆ, ಹೊಲಿಗೆ ಬಿಚ್ಚುತ್ತಾರೆ, ರೋಗಿ ಮನೆಗೆ ಬರುತ್ತಾರೆ. ತಿಂಗಳಾದ ಮೇಲೆ ಮಗನೋ ಸೊಸೆಯೋ ಅಂಗಡಿಗೆ ಬಂದು, "ಮಂಡಿ ಸರಿಹೋಯಿತು, ಆದರೆ ಕೈಬೆರಳು ಮಡಚಲು ಆಗುತ್ತಿಲ್ಲ, ಭುಜ ಎತ್ತಲು ಆಗುತ್ತಿಲ್ಲ, ಏನಾದರೂ ಕೊಡಿ" ಎನ್ನುತ್ತಾರೆ. ವಾರಕ್ಕೊಮ್ಮೆಯ ವಾತದ ಮಾತ್ರೆ ಮತ್ತೆ ಶುರುವಾಯಿತೇ ಎಂದು ಕೇಳಿದರೆ, "ಶುರು ಮಾಡಿ ಎಂದು ಯಾರೂ ಹೇಳಲಿಲ್ಲವಲ್ಲ" ಎಂಬ ಉತ್ತರ.

ಇದರಲ್ಲಿ ಒಬ್ಬರನ್ನೇ ದೂರುವಂತಿಲ್ಲ. ನಮ್ಮ ಕಡೆ ಮೂಳೆ ವೈದ್ಯರಿಗೆ ಬರವಿಲ್ಲ. ಸಂಧಿವಾತದ ತಜ್ಞರು ಮಾತ್ರ ಕಡಿಮೆ, ಬಹಳ ಜನ ಅದಕ್ಕಾಗಿ ಬೆಂಗಳೂರಿನ ರೈಲು ಹತ್ತುತ್ತಾರೆ. ಮಂಡಿ ಬದಲಿಸುವವರು ಇಲ್ಲಿ, ವಾತದ ಇಂಜೆಕ್ಷನ್ ಬರೆದವರು ಇನ್ನೂರೈವತ್ತು ಕಿಲೋಮೀಟರ್ ಆಚೆ. ಇಬ್ಬರ ನಡುವೆ ಸುದ್ದಿ ಸಾಗಿಸುವ ಕೆಲಸ ರೋಗಿಯದೇ. ಆ ಕೆಲಸ ನಮ್ಮ ಹೆಗಲಿಗೆ ಬಿದ್ದಿದೆ ಎಂಬುದೇ ನಮಗೆ ಗೊತ್ತಿರುವುದಿಲ್ಲ.

ಮದ್ದನ್ನು ನಿಲ್ಲಿಸುವುದಾದರೂ ಏಕೆ? ನಮ್ಮ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ನಮ್ಮ ಕೀಲುಗಳ ಮೇಲೆಯೇ ತಿರುಗಿ ಬೀಳುತ್ತದೆ. ಮದ್ದುಗಳು ಅದನ್ನು ತಗ್ಗಿಸುತ್ತವೆ. ಹಾಗೆ ತಗ್ಗಿಸಿದಾಗ ರೋಗಾಣುಗಳನ್ನು ಎದುರಿಸುವ ಶಕ್ತಿಯೂ ಸ್ವಲ್ಪ ಕುಗ್ಗಬಹುದು. ಬೇರೆ ಗಾಯಕ್ಕೆ ಸೋಂಕಾದರೆ ಆ್ಯಂಟಿಬಯಾಟಿಕ್ ಕೊಟ್ಟು ವಾಸಿ ಮಾಡುತ್ತಾರೆ. ಲೋಹದ ಕೀಲಿಗೆ ತಗುಲಿದರೆ ಕಥೆ ಬೇರೆ. ಬ್ಯಾಕ್ಟೀರಿಯಾಗಳು ಲೋಹದ ಮೈಗೆ ಅಂಟಿ ಪದರ ಕಟ್ಟಿಕೊಳ್ಳುತ್ತವೆ. ಓವರ್‌ಹೆಡ್ ಟ್ಯಾಂಕಿನ ಒಳಗೋಡೆಗೆ ಹಿಡಿದ ಲೋಳೆ ಎಷ್ಟು ನೀರು ಸುರಿದರೂ ಹೋಗುವುದಿಲ್ಲವಲ್ಲ, ಹಾಗೆ. ಎಷ್ಟೋ ಸಲ ಹೊಸ ಕೀಲನ್ನೇ ತೆಗೆದು ಮತ್ತೆ ಹಾಕಬೇಕಾಗುತ್ತದೆ. ರುಮಟಾಯ್ಡ್ ಇರುವವರಿಗೆ ಈ ಸೋಂಕಿನ ಅಪಾಯ ಬರೀ ಮಂಡಿ ಸವೆತದವರಿಗಿಂತ ಹೆಚ್ಚು. ಆದ್ದರಿಂದ ಮೂಳೆ ವೈದ್ಯರ ಭಯ ಸುಳ್ಳಲ್ಲ. ಆ ಭಯವನ್ನು ಎಲ್ಲ ಮಾತ್ರೆಗಳ ಮೇಲೂ ಒಂದೇ ಸಮನಾಗಿ ಹರಡುವುದು ಮಾತ್ರ ತಪ್ಪು.

ವಾರದ ಮಾತ್ರೆಯನ್ನೇ, ಅಂದರೆ ಮೆಥೊಟ್ರೆಕ್ಸೇಟನ್ನು ತೆಗೆದುಕೊಳ್ಳಿ. ಈ ಮದ್ದಿನ ಬಗ್ಗೆ ನಮ್ಮ ಜನರಿಗೆ ಮೊದಲಿನಿಂದಲೂ ಅಂಜಿಕೆ. ಅದಕ್ಕೆ ಕಾರಣವೂ ಇದೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಲೆಡರ್ಲೆ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ರೂಪಿಸಿದ ಈ ಮದ್ದು ಮೊದಲು ಬಳಕೆಗೆ ಬಂದದ್ದು ರಕ್ತದ ಕ್ಯಾನ್ಸರಿಗೆ. ಇಂಟರ್‌ನೆಟ್‌ನಲ್ಲಿ ಹೆಸರು ಹಾಕಿದರೆ ಇಂದಿಗೂ ಮೊದಲು ಕಾಣುವುದು ಕ್ಯಾನ್ಸರ್ ಎಂಬ ಶಬ್ದವೇ. ಆದರೆ ಅಲ್ಲಿಯ ಡೋಸೇ ಬೇರೆ. ನಮಗೆ ಕೊಡುವುದು ಸಾಮಾನ್ಯವಾಗಿ ವಾರಕ್ಕೊಮ್ಮೆ 7.5ರಿಂದ 25 ಮಿಲಿಗ್ರಾಂ. ವಾರಕ್ಕೊಮ್ಮೆ ಎಂಬುದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಇದನ್ನು ದಿನಾಲೂ ನುಂಗಿದರೆ ಪ್ರಾಣಕ್ಕೇ ಕುತ್ತು. ಆಸ್ಪತ್ರೆಗೆ ದಾಖಲಾದಾಗ ಮಾತ್ರೆಗಳ ಪಟ್ಟಿ ಕೈಯಿಂದ ಕೈಗೆ ದಾಟುವಾಗ ಇಂಥ ಎಡವಟ್ಟು ಆಗುವ ಸಾಧ್ಯತೆ ಇರುವುದರಿಂದ, ವಾರವನ್ನು ಹೆಸರಿಟ್ಟು ಬರೆಸಿ: "ಭಾನುವಾರ ಮಾತ್ರ" ಎಂದು.

ಇನ್ನು ಆಪರೇಷನ್ ವಿಷಯ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆ ಎಂದರೆ ಮೂಳೆ ವೈದ್ಯರಿಗೆಲ್ಲ ಗೊತ್ತು. 1962ರಲ್ಲಿ ಜಾನ್ ಚಾರ್ನ್‌ಲಿ ಇಂದಿನ ಮಾದರಿಯ ಸೊಂಟದ ಕೀಲು ಬದಲಾವಣೆಗೆ ಗಟ್ಟಿ ಬುನಾದಿ ಹಾಕಿದ್ದು ಅಲ್ಲಿಯೇ. ಅದೇ ಆಸ್ಪತ್ರೆಯವರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೂಳೆ ಶಸ್ತ್ರಚಿಕಿತ್ಸೆಗೆ ಬಂದ ರುಮಟಾಯ್ಡ್ ರೋಗಿಗಳ 388 ಆಪರೇಷನ್‌ಗಳ ಲೆಕ್ಕ ಅದು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದವರಲ್ಲಿ ಕೆಲವರಿಗೆ ಮುಂದುವರಿಸಿದರು, ಕೆಲವರಿಗೆ ನಿಲ್ಲಿಸಿದರು. ಸೋಂಕು ಅಥವಾ ಶಸ್ತ್ರಚಿಕಿತ್ಸೆಯ ಇತರ ತೊಡಕು ಕಂಡದ್ದು ಮುಂದುವರಿಸಿದವರಲ್ಲಿ ಶೇಕಡಾ 2, ನಿಲ್ಲಿಸಿದವರಲ್ಲಿ ಶೇಕಡಾ 15. ಅಂಕಿಗಳನ್ನು ನಾನು ತಿರುವುಮುರುವು ಹೇಳಿಲ್ಲ. ಮುಂದುವರಿಸಿದವರೇ ಸುರಕ್ಷಿತವಾಗಿದ್ದರು, ಆರು ವಾರದೊಳಗೆ ಅವರಲ್ಲಿ ಯಾರಿಗೂ ಕಾಯಿಲೆ ಕೆರಳಲಿಲ್ಲ.

ಅಮೆರಿಕದ ಸಂಧಿವಾತ ತಜ್ಞರ ಸಂಘ ಮತ್ತು ಸೊಂಟ-ಮಂಡಿ ಶಸ್ತ್ರವೈದ್ಯರ ಸಂಘ ಎರಡೂ ಕೂಡಿ 2017ರಲ್ಲಿ ಮಾರ್ಗಸೂಚಿಯೊಂದನ್ನು ತಂದವು, 2022ರಲ್ಲಿ ಅದನ್ನು ಪರಿಷ್ಕರಿಸಿದವು. ಆ ಪ್ರಕಾರ ಮೆಥೊಟ್ರೆಕ್ಸೇಟ್, ಜನ ಮಲೇರಿಯಾ ಮಾತ್ರೆ ಎನ್ನುವ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್, ಲೆಫ್ಲುನೊಮೈಡ್ ಇವು ನಾಲ್ಕನ್ನೂ ನಿಲ್ಲಿಸಬೇಕಿಲ್ಲ, ಆಪರೇಷನ್ ಕಳೆಯುವವರೆಗೂ ಎಂದಿನಂತೆ ಸಾಗಬಹುದು. ಅಪವಾದಗಳೂ ಇವೆ. ಮೂತ್ರಪಿಂಡದ ರಕ್ತಪರೀಕ್ಷೆ ಏರುಪೇರಾಗಿದ್ದರೆ, ಜ್ವರ ಅಥವಾ ಸೋಂಕು ಇದ್ದರೆ, ವಾಂತಿಭೇದಿಯಿಂದ ದೇಹ ಒಣಗಿದ್ದರೆ ವೈದ್ಯರು ಮೆಥೊಟ್ರೆಕ್ಸೇಟನ್ನು ತಡೆಹಿಡಿಯುತ್ತಾರೆ. ಅದು ಕಾರಣವಿಟ್ಟು ತಡೆದದ್ದು. ಚೀಟಿಯ ತುದಿಯಲ್ಲಿ "ಎಲ್ಲ ನಿಲ್ಲಿಸಿ" ಎಂದು ಗೀಚಿದ್ದಕ್ಕೂ ಅದಕ್ಕೂ ವ್ಯತ್ಯಾಸವಿದೆ.

ನಿಲ್ಲಿಸಲೇಬೇಕಾದದ್ದು, ರಕ್ಷಣಾ ವ್ಯವಸ್ಥೆಯ ಒಂದೊಂದು ಕೊಂಡಿಯನ್ನು ಗುರಿಯಿಟ್ಟು ತಡೆಯುವ ಬಯಾಲಾಜಿಕ್ ಇಂಜೆಕ್ಷನ್‌ಗಳನ್ನು. ಅಲ್ಲಿಯೂ 15 ದಿನ, ಒಂದು ತಿಂಗಳು ಎಂಬ ಸಾರ್ವತ್ರಿಕ ಲೆಕ್ಕವಿಲ್ಲ. ಒಂದು ಇಂಜೆಕ್ಷನ್‌ನಿಂದ ಇನ್ನೊಂದಕ್ಕೆ ಎಷ್ಟು ಅಂತರವೋ ಅಷ್ಟು ಕಳೆದು, ಮುಂದಿನದನ್ನು ಬಿಟ್ಟು, ಅದರ ಮರುವಾರ ಆಪರೇಷನ್. ಉದಾಹರಣೆಗೆ ಅಡಾಲಿಮುಮಾಬ್ ಎರಡು ವಾರಕ್ಕೊಮ್ಮೆ. ತಿಂಗಳ 1ನೇ ತಾರೀಖು ಚುಚ್ಚಿಸಿಕೊಂಡಿರಿ ಎನ್ನಿ. 15ಕ್ಕೆ ಬರಬೇಕಾದದ್ದನ್ನು ಬಿಡುತ್ತೀರಿ. 18ಕ್ಕೆ ಆಪರೇಷನ್. ಸುಮಾರು ಎರಡು ವಾರಕ್ಕೆ ಹೊಲಿಗೆ ಬಿಚ್ಚಿದಾಗ ಗಾಯ ಒಣಗಿದೆ, ಕೆಂಪಿಲ್ಲ, ಊತ ಹೆಚ್ಚಿಲ್ಲ, ಏನೂ ಸೋರುತ್ತಿಲ್ಲ ಎಂದಾದರೆ ಮುಂದಿನ ತಿಂಗಳ ಮೊದಲ ವಾರದಲ್ಲಿ ಮತ್ತೆ ಇಂಜೆಕ್ಷನ್. ಒಟ್ಟಾರೆ ಎರಡು ವಾರದ ಅಂತರ ಸುಮಾರು ಒಂದು ತಿಂಗಳಾಯಿತು, ಅಷ್ಟೇ. ಮನಸ್ಸಿನಲ್ಲಿ ಹಿಗ್ಗಿಸಿಕೊಂಡಷ್ಟು ದೊಡ್ಡ ಕಂದಕ ಅದಲ್ಲ. ವಾರಕ್ಕೊಮ್ಮೆಯ ಎಟನರ್ಸೆಪ್ಟ್ ಆದರೆ ಎರಡನೇ ವಾರದಲ್ಲಿ ಆಪರೇಷನ್. ನಾಲ್ಕು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಹಾಕುವ ಟೋಸಿಲಿಜುಮಾಬ್ ಆದರೆ ಐದನೇ ವಾರ. ಆರು ತಿಂಗಳಿಗೊಮ್ಮೆ ಕೊಡುವ ರಿಟುಕ್ಸಿಮಾಬ್ ಆದರೆ ಏಳನೇ ತಿಂಗಳು. ಟೋಫಾಸಿಟಿನಿಬ್, ಬಾರಿಸಿಟಿನಿಬ್ ಮೊದಲಾದ ಮಾತ್ರೆಗಳು ದೇಹದಿಂದ ಬೇಗ ಹೊರಹೋಗುತ್ತವೆ. ಅವನ್ನು ಆಪರೇಷನ್‌ಗೆ 7 ದಿನ ಮುಂಚೆ ನಿಲ್ಲಿಸಿ ಎಂದು 2017ರಲ್ಲಿ ಇದ್ದದ್ದನ್ನು 2022ರಲ್ಲಿ 3 ದಿನಕ್ಕೆ ಇಳಿಸಿದರು. ಹಳೆಯ ಚೀಟಿಯನ್ನೋ ಪಕ್ಕದ ಮನೆಯವರ ಚೀಟಿಯನ್ನೋ ನೋಡಿ ಲೆಕ್ಕ ಹಾಕಬೇಡಿ ಎನ್ನುವುದು ಇದಕ್ಕೇ.

ನಮ್ಮಲ್ಲಿ ಆಪರೇಷನ್ ದಿನ ಗೊತ್ತುಮಾಡುವ ಕ್ರಮ ನೋಡಿದ್ದೀರಿ. ಚನ್ನಗಿರಿಯವರಾದರೆ ಅಡಿಕೆ ಕೊಯ್ಲು ಮುಗಿಯಬೇಕು. ಮಗಳಿಗೆ ಬೆಂಗಳೂರಿನಿಂದ ರಜೆ ಸಿಗಬೇಕು. ಅಮಾವಾಸ್ಯೆ ಬೇಡ. ವೈದ್ಯರಿಗೆ ಮಂಗಳವಾರ ಆಗಬೇಕು. ಇಷ್ಟೆಲ್ಲ ಪಂಚಾಂಗ ನೋಡುವಲ್ಲಿ ಇಂಜೆಕ್ಷನ್ನಿನ ತಾರೀಖನ್ನೂ ಒಂದು ನೋಡಿ ಎಂದಷ್ಟೇ ನನ್ನ ಕೋರಿಕೆ. ಆಪರೇಷನ್ ಮುಂದೆ ಹೋದರೆ? ಸಕ್ಕರೆ ಏರಿರುತ್ತದೆ, ವಿಮೆಯ ಅನುಮತಿ ಬಂದಿರುವುದಿಲ್ಲ, ಮೂರು ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ನಿಲ್ಲಿಸಿದ ಇಂಜೆಕ್ಷನ್ ಹಾಗೆಯೇ ನಿಂತಿರುತ್ತದೆ. ಕಾಯಿಲೆ ಕೆರಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ದಿನ ಮುಂದೂಡಿದ ಕೂಡಲೇ ಸಂಧಿವಾತ ವೈದ್ಯರಿಗೆ ಫೋನ್ ಮಾಡಿ, "ಈಗ ಒಂದು ಡೋಸ್ ತೆಗೆದುಕೊಳ್ಳಲೇ" ಎಂದು ಕೇಳಿ.

ಸ್ಟೀರಾಯ್ಡ್ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಮನೆಯವರೂ ಕೇಳಿಸಿಕೊಳ್ಳಬೇಕು. ಪ್ರೆಡ್ನಿಸೊಲೋನ್ ಹಲವು ವಾರ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ದೇಹ ಆಘಾತ ತಾಳಲು ಬೇಕಾದ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ತಾನು ಮಾಡುವುದು ಕಡಿಮೆ ಮಾಡುತ್ತದೆ. ಮಾತ್ರೆಯನ್ನು ಒಮ್ಮೆಲೇ ಬಿಟ್ಟು ಆಪರೇಷನ್ ಟೇಬಲ್ ಮೇಲೆ ಮಲಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯವಾಗಬಹುದು. ಆದ್ದರಿಂದ ದಿನನಿತ್ಯದ ಸ್ಟೀರಾಯ್ಡನ್ನು ಆಪರೇಷನ್ ದಿನವೂ ಬಿಡುವಂತಿಲ್ಲ. ಡೋಸ್ ದೊಡ್ಡದಿದ್ದರೆ ತಿಂಗಳುಗಳ ಮುಂಚೆಯೇ ನಿಧಾನವಾಗಿ 20 ಮಿಲಿಗ್ರಾಂಗಿಂತ ಕೆಳಗೆ ಇಳಿಸಿಕೊಳ್ಳಬೇಕು, ಏಕೆಂದರೆ ಹೆಚ್ಚಿನ ಡೋಸ್ ಸೋಂಕಿಗೆ ದಾರಿ. ಇನ್ನೊಂದು, "ಆಪರೇಷನ್ ತನಕ ತಡೆದುಕೊಳ್ಳಲು" ಎಂದು ಅದೇ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುವ ರೂಢಿ ಇದೆ. ಬದಲಿಸಲಿರುವ ಕೀಲಿಗೆ ಕೊನೆಯ ಮೂರು ತಿಂಗಳಲ್ಲಿ ಅದು ಬೇಡ.

ಈಗ ಬಹಳ ಮಂದಿ ಕೇಳಲು ಬಂದಿರುವ ವಿಷಯಕ್ಕೆ ಬರುತ್ತೇನೆ. ಆ ಒಂದು ತಿಂಗಳನ್ನು ಕಳೆಯುವುದು ಹೇಗೆ?

ಮೊದಲು ಅಪ್ರಿಯ ಸತ್ಯ. ಕೀಲು ಬದಲಿಸಿಕೊಂಡ ರುಮಟಾಯ್ಡ್ ರೋಗಿಗಳಲ್ಲಿ ಆರು ವಾರದೊಳಗೆ ಕಾಯಿಲೆ ಕೆರಳುವುದು ಅಪರೂಪವಲ್ಲ. ನ್ಯೂಯಾರ್ಕಿನ ಒಂದು ಅಧ್ಯಯನದಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಹಾಗಾಗಿತ್ತು. ಅದೇ ಅಧ್ಯಯನದಲ್ಲಿ ತಿಳಿದ ಇನ್ನೊಂದು ಸಂಗತಿ ನನಗೆ ಮುಖ್ಯ ಎನಿಸಿತು. ಯಾರಿಗೆ ಕೆರಳುತ್ತದೆ ಎಂಬುದನ್ನು ನಿರ್ಧರಿಸಿದ್ದು ಬಯಾಲಾಜಿಕ್ ನಿಲ್ಲಿಸಿದ್ದಲ್ಲ, ಆಪರೇಷನ್‌ಗೆ ಹೋಗುವಾಗ ಕಾಯಿಲೆ ಎಷ್ಟು ಜೋರಾಗಿತ್ತು ಎಂಬುದು. ಅಂದರೆ ನಮ್ಮ ತಯಾರಿ ನಿಲ್ಲಿಸುವ ದಿನದಿಂದ ಶುರುವಾದರೆ ತಡವಾಯಿತು. ಎರಡು ಮೂರು ತಿಂಗಳ ಮುಂಚೆ, "ಈ ಮಂಡಿ ಬಿಟ್ಟು ಉಳಿದ ಕೀಲುಗಳು ಹತೋಟಿಯಲ್ಲಿವೆಯೇ" ಎಂದು ತೋರಿಸಿಕೊಳ್ಳಬೇಕು. ಹತೋಟಿಯಲ್ಲಿಲ್ಲದಿದ್ದರೆ ಅದನ್ನು ಸರಿಪಡಿಸಿಕೊಂಡೇ ಹೋಗುವುದು ಲೇಸು. ಹಲ್ಲಿನ ಹುಳುಕು, ಉರಿಮೂತ್ರ, ಹಿಮ್ಮಡಿಯ ಬಿರುಕು, ಉಗುರುಸುತ್ತು ಇವನ್ನೂ ಆಗಲೇ ಮುಗಿಸಿಕೊಳ್ಳಿ. ಬರಿಗಾಲಿನಲ್ಲಿ ಅಂಗಳ ತಿರುಗುವ ನಮ್ಮ ಹೆಂಗಸರ ಹಿಮ್ಮಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೋಂಕಿಗೆ ಅದೂ ಒಂದು ಬಾಗಿಲು.

ನನಗೆ ಆ ದಿನಗಳಲ್ಲಿ ಕಾಡಿದ್ದು ಮಂಡಿಗಿಂತ ಹೆಚ್ಚಾಗಿ ಕೈ. ಆಪರೇಷನ್ ಆದ ಮರುದಿನವೇ ವಾಕರ್ ಕೊಟ್ಟು ನಿಲ್ಲಿಸುತ್ತಾರೆ. ವಾಕರ್ ಎಂದರೆ ಮೈಭಾರವನ್ನೆಲ್ಲ ಅಂಗೈ ಮತ್ತು ಮಣಿಕಟ್ಟಿನ ಮೇಲೆ ಹಾಕುವುದು. ಸವೆತದ ರೋಗಿಗೆ ಅದು ಸರಿ. ಬೆಳಗ್ಗೆ ಬೆರಳು ಬಿಚ್ಚಲಾಗದ, ಮಣಿಕಟ್ಟು ಬಾತುಕೊಂಡಿರುವ ನಮ್ಮಂಥವರು ಏನು ಮಾಡಬೇಕು? ನನ್ನ ಫಿಸಿಯೋಥೆರಪಿ ಹುಡುಗಿ ಜಾಣೆ. ಮೊದಲ ದಿನ ನನ್ನ ಗೆಣ್ಣುಗಳು ಹಿಡಿಕೆಯ ಮೇಲೆ ಬೆಳ್ಳಗಾದದ್ದನ್ನು ನೋಡಿ, ಮುಂಗೈಯನ್ನು ಪೂರ್ತಿ ಊರಿ ನಡೆಯುವ ಬೇರೆ ವಾಕರ್ ತರಿಸಿದಳು. ಮೊಣಕೈವರೆಗಿನ ತೋಳು ಮೆತ್ತನೆಯ ತೊಟ್ಟಿಲಿನಂಥ ಪಟ್ಟಿಯಲ್ಲಿ ಕೂರುತ್ತದೆ, ಬೆರಳು ಬರೀ ದಾರಿ ತೋರಿಸಿದರೆ ಸಾಕು. ಇಂಥ ವಾಕರ್ ಇದೆ ಎಂಬುದೇ ಬಹಳ ಜನರಿಗೆ ತಿಳಿದಿಲ್ಲ. ಆಪರೇಷನ್‌ಗೆ ಮುಂಚೆಯೇ ಕೇಳಿ ಬಾಡಿಗೆಗೆ ಗೊತ್ತುಮಾಡಿಕೊಳ್ಳಿ.

ಮನೆಯಲ್ಲಿ ನಾನು ಮಾಡಿಕೊಂಡದ್ದು ಸಣ್ಣಪುಟ್ಟ ಏರ್ಪಾಡು. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯ ಪಕ್ಕಕ್ಕೇ ಬೆಚ್ಚಗಿನ ನೀರಿನ ಬೋಗುಣಿ ಬರುತ್ತಿತ್ತು, ಎರಡೂ ಕೈ ಅದರಲ್ಲಿ ಇಟ್ಟು ಬೆರಳು ಮಡಚಿ ಬಿಚ್ಚುತ್ತಿದ್ದೆ. ಮಂಡಿಗೆ ಮಾತ್ರ ತಣ್ಣನೆಯ ಪೊಟ್ಟಣ, ಗಾಯ ಒದ್ದೆಯಾಗದಂತೆ ಬಟ್ಟೆ ಸುತ್ತಿ. ಮಣಿಕಟ್ಟಿಗೆ ರಾತ್ರಿ ಪಟ್ಟಿ. ಲೋಟದ ಬದಲು ದಪ್ಪ ಹಿಡಿಯ ಮಗ್. ಕಮೋಡ್ ಮೇಲೆ ಎತ್ತರದ ಸೀಟು, ಪಕ್ಕದ ಗೋಡೆಗೆ ಹಿಡಿಕೆ. ಫಿಸಿಯೋಥೆರಪಿಯನ್ನು ಬೆಳಗ್ಗೆ ಎಂಟಕ್ಕೆ ಎಂದು ಬರೆದಿದ್ದರು, ನಮ್ಮ ಕೀಲು ಆ ಹೊತ್ತಿಗೆ ಇನ್ನೂ ಎದ್ದಿರುವುದಿಲ್ಲ ಎಂದು ಹೇಳಿ ಹನ್ನೊಂದಕ್ಕೆ ಮಾಡಿಸಿಕೊಂಡೆ. ಕೇಳಿದರೆ ಬದಲಾಯಿಸುತ್ತಾರೆ, ಕೇಳಬೇಕಷ್ಟೇ. ನೋವು ಹೆಚ್ಚಾದಾಗ ಮನೆಯಲ್ಲಿ ಉಳಿದಿದ್ದ ಡೈಕ್ಲೋಫೆನಾಕ್ ಹುಡುಕಬೇಡಿ. ಆಪರೇಷನ್ ಆಸುಪಾಸಿನಲ್ಲಿ ರಕ್ತ ತೆಳುವಾಗಿಸುವ ಮದ್ದು ಕೊಟ್ಟಿರುತ್ತಾರೆ, ಮೂತ್ರಪಿಂಡವೂ ದಣಿದಿರುತ್ತದೆ. ಯಾವ ನೋವಿನ ಮಾತ್ರೆ, ದಿನಕ್ಕೆ ಎಷ್ಟು ಎಂಬುದನ್ನು ಬರೆಸಿಕೊಂಡೇ ಆಸ್ಪತ್ರೆ ಬಿಡಿ. ತಡೆಯಲಾಗದಷ್ಟು ಕೆರಳಿದರೆ ಸಂಧಿವಾತ ವೈದ್ಯರು ಕೆಲವು ದಿನಗಳ ಮಟ್ಟಿಗೆ ಸ್ಟೀರಾಯ್ಡ್ ಸ್ವಲ್ಪ ಏರಿಸಬಹುದು. ಅದು ಅವರ ನಿರ್ಧಾರ.

ಕೆರಳಿದ್ದು ಕಾಯಿಲೆಯೋ, ಸೋಂಕೋ ಎಂದು ಗುರುತಿಸುವುದು ಎಲ್ಲಕ್ಕಿಂತ ಮುಖ್ಯ. ಕಾಯಿಲೆಯಾದರೆ ಸಾಮಾನ್ಯವಾಗಿ ಹಲವು ಕೀಲುಗಳು ಒಟ್ಟಿಗೆ ನೋಯುತ್ತವೆ, ಎರಡೂ ಕೈ, ಎರಡೂ ಪಾದ, ಬೆಳಗ್ಗೆ ಬಿಗಿತ ಹೆಚ್ಚು, ಹೊತ್ತೇರಿದಂತೆ ಸಡಿಲ. ಆಪರೇಷನ್ ಆದ ಮಂಡಿಯೊಂದೇ ದಿನದಿಂದ ದಿನಕ್ಕೆ ಹೆಚ್ಚು ನೋಯುತ್ತಿದ್ದರೆ, ಕೆಂಪಾಗಿ ಬಿಸಿಯಾಗಿದ್ದರೆ, ಗಾಯದಿಂದ ನೀರಾಗಲಿ ಕೀವಾಗಲಿ ಬಂದರೆ, ಚಳಿಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಕಾಣಿಸದೆಯೂ ಸೋಂಕು ಇರಬಹುದು. "ವಾತವೇ ಇರಬೇಕು" ಎಂದು ಎಣ್ಣೆ ತಿಕ್ಕುತ್ತ ಕೂರುವ ಸಮಯ ಅದಲ್ಲ.

ಅರಿವಳಿಕೆ ವೈದ್ಯರು ಕೇಳದಿದ್ದರೂ ಕುತ್ತಿಗೆಯ ಬಗ್ಗೆ ಹೇಳಿ. ಹಳೆಯ ರುಮಟಾಯ್ಡ್‌ನಲ್ಲಿ ಕುತ್ತಿಗೆಯ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲವಾಗಿರಬಹುದು. ಹಾಗಿದ್ದಾಗ ಅರಿವಳಿಕೆ ಕೊಡುವಾಗ ತಲೆಯನ್ನು ಬಾಗಿಸುವುದು ಅಪಾಯ. ಒಂದು ಎಕ್ಸ್‌ರೇ ಸಾಕು ತಿಳಿಯಲು.

ಮುಂದೆ ಸಭೆಯಿಂದ ಬಂದ ಪ್ರಶ್ನೆಗಳು.

ಜಗಳೂರಿನಿಂದ ಬಂದಿದ್ದ ಒಬ್ಬರು, "2006ರ ಚಿಕೂನ್‌ಗುನ್ಯ ಆದಾಗಿನಿಂದ ನಮ್ಮ ತಾಯಿ ಒಂದು ಪುಡಿ ತೆಗೆದುಕೊಳ್ಳುತ್ತಾರೆ, ಗಿಡಮೂಲಿಕೆಯದು, ಅದನ್ನೂ ನಿಲ್ಲಿಸಬೇಕೇ" ಎಂದು ಕೇಳಿದರು. ಪುಡಿಯನ್ನು ಪೊಟ್ಟಣ ಸಮೇತ ವೈದ್ಯರಿಗೆ ತೋರಿಸಿ ಎಂದೆ. ಒಂದು ಡೋಸಿಗೆ ನೋವು ಮಾಯವಾಗುವ, ಮುಖ ದುಂಡಗಾಗುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ನಮ್ಮ ದೇಶದಲ್ಲಿ ಹೊಸತಲ್ಲ. ಹಾಗಿದ್ದರೆ ಅದನ್ನು ತಟ್ಟನೆ ಬಿಡುವುದೂ ಅಪಾಯ, ಮುಚ್ಚಿಟ್ಟು ಆಪರೇಷನ್‌ಗೆ ಹೋಗುವುದು ಇನ್ನೂ ಅಪಾಯ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಬೈದರೆ ಬೈಸಿಕೊಳ್ಳಿ.

"ಹೃದಯಕ್ಕೆ ಸ್ಟೆಂಟ್ ಹಾಕಿದೆ, ಆಸ್ಪಿರಿನ್ ನಿಲ್ಲಿಸಲೇ" ಎಂಬುದು ಇನ್ನೊಂದು ಪ್ರಶ್ನೆ. ಅದು ಸಂಧಿವಾತದ ಲೆಕ್ಕಕ್ಕೆ ಬರುವುದೇ ಇಲ್ಲ. ಹೃದಯದ ವೈದ್ಯರು ಬರೆದುಕೊಡದೆ ಮುಟ್ಟಬೇಡಿ.

ಕೊನೆಯದಾಗಿ ಹರಿಹರದ ಒಬ್ಬ ತಾಯಿ, "ಎರಡನೇ ಮಂಡಿಯೂ ಆಗಬೇಕು, ಹೇಗೂ ಇಂಜೆಕ್ಷನ್ ನಿಂತಿದೆಯಲ್ಲ, ಶುರು ಮಾಡದೆಯೇ ಎರಡು ತಿಂಗಳಲ್ಲಿ ಅದನ್ನೂ ಮುಗಿಸಿಬಿಡಲೇ" ಎಂದರು. ಬೇಡ ಎಂದೆ. ಅಷ್ಟು ದಿನ ಮದ್ದಿಲ್ಲದೆ ಬಿಟ್ಟರೆ ಉಳಿದ ಕೀಲುಗಳು ಕೆರಳುತ್ತವೆ, ಕೆರಳಿದ ಮೈಯಲ್ಲಿ ಎರಡನೇ ಆಪರೇಷನ್‌ಗೆ ಹೋದಂತಾಗುತ್ತದೆ. ಮೊದಲ ಗಾಯ ಒಣಗಿದ ಮೇಲೆ ವೈದ್ಯರನ್ನು ಕೇಳಿ ಇಂಜೆಕ್ಷನ್ ಶುರು ಮಾಡಿ, ಕಾಯಿಲೆ ಹತೋಟಿಗೆ ಬಂದ ಮೇಲೆ ಮತ್ತೆ ಹೊಸದಾಗಿ ತಾರೀಖು ಲೆಕ್ಕ ಹಾಕಿಸಿ. ಈ ಸಲ ಚೀಟಿಯಲ್ಲಿ ಎರಡು ತಾರೀಖು ಇರಲಿ, ನಿಲ್ಲಿಸುವುದಕ್ಕೊಂದು, ಶುರು ಮಾಡುವುದಕ್ಕೊಂದು. ಅವರು ಕೈಚೀಲದಿಂದ ತಮ್ಮ ಹಳೆಯ ಚೀಟಿ ತೆಗೆದು ತೋರಿಸಿದರು. ಅದರಲ್ಲಿ ಒಂದೇ ತಾರೀಖು ಇತ್ತು.